ಹಾಡಿಲ್ಲದ ಸಂಗೀತವೂ ಬೀಗಿತ್ತಿಯೂ

ಮನುಷ್ಯನಿಗೆ ಗುಟ್ಟಾದ ಚಟವೊಂದಿದ್ದರೆ ಅದು ಊರಿಗೆ ಅರ್ಥವಾಗುವಂಥದ್ದಾದರೂ ಆಗಿರಬೇಕು. ಇಸ್ಪೀಟಾದರೆ ಬೈದು ಸುಮ್ಮನಾಗುತ್ತಾರೆ. ಆದರೆ ಚಳ್ಳಕೆರೆಯ ಎಣ್ಣೆ ಗಿರಣಿಯ ಗುಮಾಸ್ತನೊಬ್ಬ ಯಾವುದೋ ದೇಶದ, ಅಲ್ಲಿನವರೇ ಮರೆತುಬಿಟ್ಟ ಸಂಯೋಜಕರ ಲಘು ವಾದ್ಯವೃಂದ ಕೇಳುತ್ತಾನೆಂದರೆ ಏನನ್ನಬೇಕೆಂದು ಯಾರಿಗೂ ತೋಚುವುದಿಲ್ಲ. ನಲವತ್ತು ಪಿಟೀಲು, ನಾಲ್ಕು ಕೊಳಲು, ಸಂತೆಗೆ ಹೊರಟವರಂಥ ಲಗುಬಗೆ; ನನಗೆ ಪ್ರಾಣ. ಒಮ್ಮೆ ಮನೆಯಲ್ಲಿ ಗಟ್ಟಿಯಾಗಿ ಹಾಕಿದ್ದೆ. ಅವ್ವ ಅರ್ಧ ಗಂಟೆ ತಾಳ್ಮೆಯಿಂದ ಕೂತು, "ಹಾಡು ಯಾವಾಗ ಶುರುವಾಗ್ತೈತಪ್ಪಾ?" ಅಂದಳು. ಆಮೇಲಿಂದ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೇಳಿದವರಿಗೆಲ್ಲ "ಪ್ರವಚನ" ಅನ್ನತೊಡಗಿದೆ.

ನನ್ನ ಮಗಳನ್ನು ತಮ್ಮ ಮಗನಿಗೆಂದು ನೋಡಲು ಬಂದ ಗಂಗಮ್ಮನವರು, ಅಂದರೆ ಈಗಿನ ನಮ್ಮ ಬೀಗಿತ್ತಿ, ನಾನು ಕಣ್ಣು ಮುಚ್ಚಿ ಕೂತದ್ದನ್ನು ಕಂಡು, "ಇಂಥ ಭಕ್ತರ ಮನೆ ಹೆಣ್ಣೇ ಬೇಕು" ಅಂದುಬಿಟ್ಟರು. ಮಗಳ ಮದುವೆ ನಿಂತದ್ದು ನನ್ನ ಭಕ್ತಿಯ ಮೇಲೆ. ಭಕ್ತಿ ನಿಂತದ್ದು ಒಂದು ಸಣ್ಣ ವೈರಿನ ಮೇಲೆ.

ಹೋದ ತಿಂಗಳು ಧಾರೆ ಸೀರೆಗೆಂದು ಬೀಗಿತ್ತಿ, ನನ್ನ ಹೆಂಡತಿ ಶಾಂತಾ, ನಾನು ಮೊಳಕಾಲ್ಮೂರಿಗೆ ಹೋದೆವು. ನೇಕಾರ ಓಬಳೇಶಪ್ಪ ಮಗ್ಗದ ಮೇಲಿದ್ದರು. ಅವರ ಹೆಂಡತಿ ಚಾಪೆಯ ಮೇಲೆ ಸೀರೆ ಹರವುತ್ತಿದ್ದರು. ಹೆಂಗಸರ ಆಯ್ಕೆ ಬೇಗ ಮುಗಿಯುವುದಿಲ್ಲವೆಂದು ನಾನು ಮೂಲೆ ಹಿಡಿದು, ಇಯರ್‌ಫೋನ್ ಸಿಕ್ಕಿಸಿಕೊಂಡು ನನ್ನ "ಪ್ರವಚನ" ಶುರುಮಾಡಿದೆ. ಅಷ್ಟರಲ್ಲಿ ಶಾಂತಾ, "ಏನ್ರೀ, ಈ ಅಂಚು ಹೆಂಗೈತೆ?" ಎಂದು ತೋಳು ಹಿಡಿದೆಳೆದಳು. ಫೋನಿನಿಂದ ವೈರು ಕಿತ್ತು ಬಂತು. ನಲವತ್ತು ಪಿಟೀಲೂ ನಾಲ್ಕು ಕೊಳಲೂ ಒಟ್ಟಿಗೆ ಆ ಮನೆಯೊಳಕ್ಕೆ ನುಗ್ಗಿದವು.

ಮಗ್ಗದ ಲಾಳಿ ನಿಂತಿತು. ನನ್ನ ಬೆರಳು ಬೆವೆತು, ಎಷ್ಟು ಒತ್ತಿದರೂ ಫೋನು ಬಾಯಿ ಮುಚ್ಚಲೊಲ್ಲದು. ಬೀಗಿತ್ತಿ ನಿಧಾನವಾಗಿ ತಿರುಗಿದರು. "ಅಲ್ರೀ ಬೀಗ್ರೇ, ಪ್ರವಚನ ಅಂದಿದ್ರಲ್ಲ?" ಮದುವೆ ಮುರಿದದ್ದು, ಮಗಳು ಅತ್ತದ್ದು, ಎಲ್ಲ ಕಣ್ಣೆದುರು ಬಂತು.

"ಆಪೊದ್ದು ಸಾರ್," ಅಂದರು ಓಬಳೇಶಪ್ಪ ತಮ್ಮ ಮನೆಮಾತು ತೆಲುಗಿನಲ್ಲಿ. "ನಿಲ್ಲಿಸ್ಬೇಡ್ರಿ, ಕೈಗೆ ಹಿತವಾಗೈತೆ." ಲಾಳಿ ಮತ್ತೆ ಓಡಿತು, ಈಗ ಪಿಟೀಲುಗಳ ಜೊತೆಗೆ. "ಯಾರು ಸಾರ್ ಇದನ್ನ ಮಾಡಿದ್ದು?"

"ಯಾರೋ... ಹೆಸರು ನನಗೇ ಗೊತ್ತಿಲ್ಲ."

"ನನ್ನ ಸೀರೆ ಉಟ್ಟೋರಿಗೂ ನನ್ನ ಹೆಸರು ಗೊತ್ತಿಲ್ಲ ಬಿಡ್ರಿ," ಎಂದು ನಕ್ಕರು. ನಾನು ನಗಲಾರದೆ ಬೀಗಿತ್ತಿಯ ಮುಖ ನೋಡಿದೆ. ಅವರು ಶಾಂತಾಳ ಮುಖ ನೋಡಿದರು.

"ನಂಗೆ ಮೊದಲಿಂದ್ಲೂ ಗೊತ್ತು," ಅಂದಳು ಶಾಂತಾ. "ಪ್ರವಚನ ಕೇಳೋರು ಕಾಲ್ಬೆರಳು ಕುಣಿಸ್ತಾರಾ?"

"ನಾನೂ ಅವತ್ತೇ ನೋಡಿದ್ದೆ," ಅಂದರು ಬೀಗಿತ್ತಿ, "ಯಾವ ಸ್ವಾಮಿಗಳಪ್ಪಾ ಇಷ್ಟು ಚೆನ್ನಾಗಿ ಹೇಳ್ತಾರೆ ಅಂದ್ಕೊಂಡೆ!" ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು. ಆರು ತಿಂಗಳು ನಾನೊಬ್ಬನೇ ಹೆದರಿ ಸತ್ತಿದ್ದೆ.

ವಾಪಸು ಬಸ್ಸಿನಲ್ಲಿ ಅವರು ಒಂದೇ ಸೀಟಿನಲ್ಲಿ ಕೂತು ಇಯರ್‌ಫೋನಿನ ಒಂದೊಂದು ತುದಿಯನ್ನು ಒಂದೊಂದು ಕಿವಿಗೆ ಸಿಕ್ಕಿಸಿಕೊಂಡರು. ಸೀಟು ಸಿಗದ ನಾನು ಪಕ್ಕದಲ್ಲಿ ಫೋನು ಹಿಡಿದು ಕಂಬದಂತೆ ನಿಂತೆ. ಬೀಗಿತ್ತಿ "ಆಹಾ" ಅಂದರು. "ಈಗ ಬಂದದ್ದು ಕೊಳಲಾ?" ಎಂದು ಆಸೆಯಿಂದ ಕೇಳಿದೆ. ಇಬ್ಬರಿಗೂ ಕೇಳಿಸಲಿಲ್ಲ.