ಸಂಡಾಸದ ಮಷೀನು, ಮದುವೆಯ ಮಾತು

ಒಂದು ಮನೆಯ ಸಂಡಾಸ ಕಟ್ಟಿಕೊಂಡಿತೆಂದರೆ ಅಲ್ಲಿ ಏನಾದರೊಂದು ತಮಾಷೆ ನಡೆಯದೆ ಇರುವುದಿಲ್ಲ. ಹತ್ತು ವರ್ಷದಿಂದ ಕೊಪ್ಪಳದಲ್ಲಿ ಪ್ಲಂಬರ್ ಕೆಲಸ ಮಾಡುವ ನಾನು ಇದನ್ನು ಯಾವ ದೇವರ ಮುಂದೆ ನಿಂತು ಬೇಕಾದರೂ ಹೇಳುತ್ತೇನೆ. ನಮ್ಮ ಕಡೆ ಇನ್ನೊಂದು ಪದ್ಧತಿ ಉಂಟು. ಸಂಡಾಸ ಬಿಡಿಸಲು ಬಂದವನನ್ನು ಒಬ್ಬನನ್ನೇ ಬಿಡುವುದಿಲ್ಲ. ಮನೆಮಂದಿಯೆಲ್ಲ ಬಾಗಿಲಿಗೆ ಬರುತ್ತಾರೆ, ಪಕ್ಕದ ಮನೆಯವರೂ ಸೇರುತ್ತಾರೆ, ಎಲ್ಲರೂ ಮೂಗು ಮುಚ್ಚಿಕೊಂಡೇ ಸಲಹೆ ಕೊಡುತ್ತಾರೆ.

ಇವರೆಲ್ಲ ನಗಲಿ, ನನ್ನದೇನೂ ತಕರಾರಿಲ್ಲ. ನನ್ನ ಸಂಕಟ ಬೇರೆಯೇ ಇತ್ತು. ನನಗೆ ಮೂವತ್ತೊಂದಾಗಿತ್ತು, ಮದುವೆಯಾಗಿರಲಿಲ್ಲ. "ಹುಡುಗ ಏನ್ ಮಾಡ್ತಾನ?" ಎಂದು ಕೇಳಿದವರು ಉತ್ತರ ಕೇಳಿದ ಮೇಲೆ ಅರ್ಧ ಚಹಾ ಬಿಟ್ಟು ಎದ್ದು ಹೋಗುತ್ತಿದ್ದರು. ಹಾಗೆ ಮೂರು ಮನೆಯವರು ಹೋದರು. ಅವ್ವ ಉಳಿದ ಚಹಾ ಚೆಲ್ಲಿ ಆ ಕಪ್ಪು ತೊಳೆಯುತ್ತಿದ್ದಳು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಲುಂಗಿ

ಬ್ಯಾಟರಿ ಮಷೀನು ಕೊಂಡ ದಿನದ ಮಾತು. ಹಿಂದೆ ಡ್ರಿಲ್ಲಿನಂಥ ಹಿಡಿಕೆ, ಅದರ ಬುಡಕ್ಕೆ ಬ್ಯಾಟರಿ, ಮುಂದೆ ಮಾರುದ್ದದ ಸ್ಪ್ರಿಂಗು. ಗುಂಡಿ ಒತ್ತಿದರೆ ಸ್ಪ್ರಿಂಗು ಗರಗರ ತಿರುಗುತ್ತ ಕಮೋಡಿನ ಒಳಗೆ ಹೋಗಿ, ಕಟ್ಟಿಕೊಂಡದ್ದನ್ನು ಕೊಕ್ಕೆ ಹಾಕಿ ಎಳೆದು ತರುತ್ತದೆ. ವೈರಿಲ್ಲ, ಕರೆಂಟು ಹೋದರೂ ಚಿಂತೆಯಿಲ್ಲ.

ನಮ್ಮ ಮನೆಯ ಸಂಡಾಸದಲ್ಲೇ ಪರೀಕ್ಷೆ ಮಾಡೋಣವೆಂದು ಲುಂಗಿಯಲ್ಲೇ ಕುಳಿತೆ. ಪಕ್ಕದ ಮನೆಯ ಅತ್ತಿ ಆ ಹೊತ್ತಿಗೆ ಬಂದಿದ್ದಳು. ತನ್ನ ತಮ್ಮನ ಮಗಳನ್ನು ನನಗೆ ಕೊಡಿಸುವ ಮಾತು ಅವಳೇ ತೆಗೆದಿದ್ದಳು, ಜೊತೆಗೆ ಆ ತಮ್ಮನನ್ನೂ ಅವನ ಹೆಂಡತಿಯನ್ನೂ ಕರೆತಂದಿದ್ದಳು. ಮೂವರೂ ಬಾಗಿಲಿಗೆ ಬಂದು ನಿಂತರು. ನಾನು ಹುರುಪಿನಲ್ಲಿ ಗುಂಡಿ ಒತ್ತಿದೆ. ಸ್ಪ್ರಿಂಗು ಒಳಗೆ ಹೋಗುವ ಬದಲು ಲುಂಗಿಯ ತುದಿ ಹಿಡಿಯಿತು. ಕಣ್ಣು ಮಿಟುಕಿಸುವುದರೊಳಗೆ ಲುಂಗಿಯೆಲ್ಲ ಸ್ಪ್ರಿಂಗಿಗೆ ಸುತ್ತಿಕೊಂಡಿತ್ತು, ನನ್ನ ಮೈಮೇಲೆ ಪಟ್ಟಾಪಟ್ಟಿ ಚಡ್ಡಿ ಮಾತ್ರ ಉಳಿದಿತ್ತು.

ಅವ್ವ ಸಾವರಿಸಿಕೊಂಡು, "ಆದಿತ್ಯವಾರ ಹುಡುಗನ್ನ ನೋಡಾಕ ಬರ್ತೀರಲ್ರಿ ಮತ್ತ?" ಎಂದು ಕೇಳಿದಳು.

ಆ ತಮ್ಮ ಕೈ ಮುಗಿದು, "ಇನ್ನ ನೋಡೋದು ಏನೂ ಉಳದಿಲ್ರಿ ಯಕ್ಕಾ," ಅಂದ.

ಹೆಡ್‌ಮಾಸ್ತರರು

ಗಂಗಾವತಿಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರ ಮನೆ. ಡಾಕ್ಟರು ಹೇಳಿದ ಮೇಲೆ ಗುಟ್ಕಾ ಬಿಟ್ಟವರೆಂದು ಓಣಿಯಲ್ಲೆಲ್ಲ ಅವರಿಗೆ ಹೆಸರು. ಅವರ ಹೆಂಡತಿಯೇ ನನಗೆ ಫೋನ್ ಮಾಡಿದ್ದರು. ಮಾಸ್ತರರು ಮಾತ್ರ ನಾನು ಬಂದಾಗಿನಿಂದ, "ಏನೂ ಆಗಿಲ್ಲ ತಮ್ಮಾ, ನಾಕು ಬಕೀಟು ನೀರು ಹಾಕಿದ್ರ ಸರಿ ಹೋಗ್ತದ, ನೀ ಚಹಾ ಕುಡದು ಹೋಗು," ಅನ್ನುತ್ತಲೇ ಇದ್ದರು.

ಮಷೀನು ತಿರುಗಿಸಿ ಎಳೆದೆ. ಒಂದು ಗುಟ್ಕಾ ಪಾಕೀಟು ಬಂತು. ಇನ್ನೊಮ್ಮೆ ಎಳೆದೆ, ಒಂದು ಹಿಡಿಯಷ್ಟು ಬಂದವು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟರು.

"ಇವು ಎಲ್ಲಿಂದ ಬಂದ್ವು?"

"ಹಿಂದಿನ ಬಾಡಿಗಿಯವರವು ಇರಬೇಕು," ಅಂದರು ಮಾಸ್ತರರು.

"ಮನಿ ಕಟ್ಟಿಸಿದವ್ರೂ ನಾವ, ಅವತ್ತಿಂದ ಇರೋರೂ ನಾವ."

"ಹಂಗಾದ್ರ ಮನಿ ಕಟ್ಟಿದ ಗೌಂಡಿಯವು."

ಹೆಂಡತಿ ನನ್ನ ಕೈಗವಸು ಇಸಿದುಕೊಂಡು ಒಂದು ಪಾಕೀಟು ಎತ್ತಿ ಬೆಳಕಿಗೆ ಹಿಡಿದರು. "ಗೌಂಡಿ ಹೋಗಿ ಹದಿನಾರು ವರ್ಷ ಆತು. ಇದರ ಮ್ಯಾಲಿನ ತಾರೀಖು ಹೋದ ತಿಂಗಳದ್ದೈತಿ."

ಹೊಸ ಸಂಡಾಸ

ಯಲಬುರ್ಗಾ ಕಡೆಯ ಒಂದು ಹಳ್ಳಿಯಿಂದ ಒಬ್ಬ ಅಜ್ಜಿ ಹೇಳಿಕಳಿಸಿದ್ದಳು. ಮೊಮ್ಮಗಳ ಸೀಮಂತಕ್ಕೆ ಬೀಗರು ಬರುವವರಿದ್ದಾರೆ, ಸಂಡಾಸದಲ್ಲಿ ನೀರೇ ಇಳಿಯುತ್ತಿಲ್ಲ ಎಂದು. ಹೋಗಿ ನೋಡಿದೆ. ಹಾಲಿನಂಥ ಬಿಳಿ ಟೈಲ್ಸು, ಗೋಡೆಗೆ ನವಿಲಿನ ಚಿತ್ರ. ಇಷ್ಟು ಚೊಕ್ಕಟ ಸಂಡಾಸವನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಮಷೀನು ಹಾಕಿದೆ. ಏನೋ ಬಿಗಿಯಾಗಿ ಹಿಡಿಯಿತು. ಕಾಲು ಕೊಟ್ಟು ಎಳೆದರೆ ಒಂದಿಡೀ ಸಿಮೆಂಟಿನ ಚೀಲ ಬಂತು. ಕಟ್ಟುವಾಗ ಕಲ್ಲುಮಣ್ಣು ಬೀಳದಿರಲಿ ಎಂದು ಗೌಂಡಿಗಳು ಪೈಪಿನ ಬಾಯಿಗೆ ಖಾಲಿ ಚೀಲ ತುರುಕಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಬೇಕು, ಇಲ್ಲಿ ಮರೆತಿದ್ದರು.

"ಅಜ್ಜೀ, ಇದನ್ನ ಕಟ್ಟಿಸಿ ಎಷ್ಟು ದಿನ ಆತು?"

"ಮೂರು ವರ್ಷಾತಪ್ಪ."

"ಮೂರು ವರ್ಷದಿಂದ ಇದು ಬಂದ್ ಐತಿ. ನಿಮಗ ಗೊತ್ತಾಗಲಿಲ್ಲೇನು?"

ಅಜ್ಜಿ ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದಳು. "ಹೆಂಗ ಗೊತ್ತಾಗಬೇಕೋ? ಇಷ್ಟು ಛಂದ ಕಟ್ಟಿಸೇವಿ, ಅದರಾಗ ಹೋಗಿ ಯಾರರ ಹೊಲಸು ಮಾಡ್ತಾರೇನು?"

ಶಿರಾ

ಇನ್ನು ಕುಷ್ಟಗಿಯ ಸಂಗತಿ. ಮತ್ತೊಂದು ಹೆಣ್ಣು ನೋಡಲು ಹೊರಟಾಗ ಸೋದರಮಾವ ಕಾರಿನಲ್ಲೇ ತಾಕೀತು ಮಾಡಿದ್ದ. "ಕೇಳಿದ್ರ ಕಾಂಟ್ರಾಕ್ಟರ್ ಅನ್ನು. ನಾನೂ ಹಂಗ ಹೇಳೀನಿ. ಸಂಡಾಸ ಅನ್ನೋ ಶಬ್ದ ಬಾಯಾಗ ಬರಬಾರದು." ಮುಂಜಾನೆ ಒಂದು ಕೆಲಸ ಮುಗಿಸಿ ಬಂದಿದ್ದರಿಂದ ಮಷೀನು ಡಿಕ್ಕಿಯಲ್ಲೇ ಇತ್ತು. ಅವ್ವ ಹೊಸ ಸೀರೆಯುಟ್ಟು ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದಳು.

ಪಡಸಾಲೆಯಲ್ಲಿ ಎರಡೂ ಕಡೆಯ ನೆಂಟರು ಕಿಕ್ಕಿರಿದಿದ್ದರು. ಹುಡುಗಿ ಗೋಡಂಬಿ, ದ್ರಾಕ್ಷಿ ಹಾಕಿದ ರವೆಯ ಶಿರಾದ ತಾಟುಗಳನ್ನು ಕೊಟ್ಟಳು. ಅವಳ ತಾಯಿ, "ಎಲ್ಲಾ ಆಕೀನ ಮಾಡ್ಯಾಳ್ರಿ, ನಾನು ಒಲಿ ಮುಂದ ಹೋಗೇ ಇಲ್ಲ," ಅಂದಳು. ಮಾವ ಎರಡು ಸಲ ಹಾಕಿಸಿಕೊಂಡ. ಹುಡುಗಿ ನನಗೆ ಒಮ್ಮೆಗೇ ಮನಸ್ಸಿಗೆ ಬಂದಳು. ಅದಕ್ಕೇ ನನಗೆ ಹೆದರಿಕೆಯೂ ಆಯಿತು.

ಅಷ್ಟರಲ್ಲಿ ಹುಡುಗಿಯ ತಂದೆಯ ಕಿವಿಯಲ್ಲಿ ಯಾರೋ ಏನೋ ಹೇಳಿದರು. ಅವರು ಗಾಬರಿಯಾಗಿ ಒಳಕೋಣೆಗೆ ಹೋದರು. ಮರುಗಳಿಗೆ ನನ್ನ ಜೇಬಿನಲ್ಲಿ ಫೋನ್ ರಿಂಗಾಯಿತು. ಎತ್ತಿದೆ.

"ಮಷೀನಿನವ್ರೇನ್ರಿ? ಗಂಗಾವತಿ ಹೆಡ್‌ಮಾಸ್ತರು ನಂಬರ್ ಕೊಟ್ರು. ಕುಷ್ಟಗಿಗೆ ಲಗೂನ ಬರ್ರಿ. ಬೀಗರು ಬಂದು ಕುಂತಾರ, ಸಂಡಾಸ ತುಂಬಿ ಹೊರಗ ಬರಾಕತ್ತೈತಿ, ಮರ್ಯಾದಿ ಹೊಂಟೈತಿ."

ಮಾತು ಫೋನಿನಿಂದಲೂ ಬರುತ್ತಿತ್ತು, ಒಳಕೋಣೆಯಿಂದಲೂ ಬರುತ್ತಿತ್ತು. ಮಾವ ನನ್ನ ಕಾಲು ತುಳಿದ. ಫೋನ್ ಇಟ್ಟುಬಿಟ್ಟಿದ್ದರೆ ಆ ದಿನ ದಾಟುತ್ತಿತ್ತು. ಆದರೆ ಮದುವೆಯಾದ ಮೇಲೆ ಎಷ್ಟು ದಿನ ಹೀಗೆ ಫೋನ್ ಇಡಲಿ?

"ಎಷ್ಟೊತ್ತಿಗೆ ಬರ್ತೀರಿ?"

"ಬಂದೀನ್ರಿ."

"ಎಲ್ಲಿದ್ದೀರಿ?"

"ನಿಮ್ಮ ಪಡಸಾಲ್ಯಾಗ್ರಿ. ಶಿರಾ ತಿನ್ನಾಕತ್ತೀನಿ."

ಹುಡುಗಿಯ ತಂದೆ ಫೋನ್ ಕಿವಿಗೆ ಹಿಡಿದುಕೊಂಡೇ ಹೊರಗೆ ಬಂದು ನನ್ನೆದುರು ನಿಂತರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಡಿಕ್ಕಿಯಿಂದ ಮಷೀನು ತಂದು, ಹೊಸ ಪ್ಯಾಂಟು ಮಡಚಿ ಸಂಡಾಸಕ್ಕೆ ನಡೆದೆ. ನೆಂಟರೆಲ್ಲ ತಾಟು ಹಿಡಿದುಕೊಂಡೇ ಹಿಂದೆ ಬಂದರು.

ಗುಂಡಿ ಒತ್ತಿ ಎಳೆದೆ. ಕರ್ರಗೆ ಸೀದ, ಕಲ್ಲಿನಂಥ ಗಡ್ಡೆಯೊಂದು ಬಂತು. ಅದರಲ್ಲಿ ಗೋಡಂಬಿ ಇತ್ತು, ದ್ರಾಕ್ಷಿ ಇತ್ತು. ಮಾವ ಅದನ್ನೊಮ್ಮೆ, ತನ್ನ ತಾಟನ್ನೊಮ್ಮೆ ನೋಡಿದ.

ಹುಡುಗಿಯೇ ಮುಂದೆ ಬಂದಳು. "ಅದು ನಾ ಮಾಡಿದ ಶಿರಾ. ಸೀದು ಹೋತಂತ ಇದರಾಗ ಹಾಕಿದ್ದೆ. ನೀವು ತಿಂದದ್ದು ಬಸ್‌ಸ್ಟ್ಯಾಂಡ್ ಹೋಟೆಲಿಂದು."

ಅವಳ ತಾಯಿ ಹಣೆ ಬಡಿದುಕೊಂಡಳು. ನನಗೆ ಮಾತ್ರ ಎದೆಯ ಮೇಲಿನ ಭಾರ ಇಳಿದಂತಾಯಿತು. "ನಾನೂ ಕಾಂಟ್ರಾಕ್ಟರ್ ಅಲ್ರಿ," ಅಂದೆ. "ನನ್ನ ಕೆಲಸ ಇದ."

ಹುಡುಗಿ ಮಷೀನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು. "ಇದು ಯಾವಾಗಲೂ ನಿಮ್ಮ ಮನ್ಯಾಗ ಇರ್ತದೇನ್ರಿ?"

"ಇರ್ತೈತಿ."

ಅವಳು ತಂದೆಯ ಕಡೆ ತಿರುಗಿದಳು. "ಹಂಗಾದ್ರ ಹೂಂ ಅನ್ರಿ ಅಪ್ಪಾ. ನಾ ಅಡಗಿ ಕಲಿಯೂತನಕ ದಿನಾ ಬೇಕಾಗ್ತದ."