ದೊಡ್ಡಪ್ಪನ ಲಾಂಚ್ ಇನ್ನೂ ಬಂದಿಲ್ಲ

ನಮ್ಮ ದೊಡ್ಡಪ್ಪನ ವಯಸ್ಸು ದಿನಕ್ಕೆ ಮೂರು ಸಲ ಬದಲಾಗುತ್ತದೆ ಎಂದರೆ ನೀವು ನಂಬುವುದಿಲ್ಲ. ಬೆಳಗಿನ ಕಾಫಿಗೆ ಅವರು ಎಪ್ಪತ್ತೆಂಟರ ಮುದುಕ. ಮಂಡಿನೋವು, ಕೆಮ್ಮು ಎಲ್ಲ ಕ್ರಮವಾಗಿ ಇರುತ್ತವೆ. ಹನ್ನೊಂದು ಗಂಟೆಗೆ ಮೂವತ್ತರ ಹರೆಯಕ್ಕೆ ಇಳಿದು, ಕನ್ನಡಿ ಮುಂದೆ ನಿಂತು ಇಲ್ಲದ ಕೂದಲಿಗೆ ಬೈತಲೆ ತೆಗೆಯುತ್ತಾರೆ. ಸಂಜೆ ಹೊತ್ತಿಗೆ ಹತ್ತು ವರ್ಷ. ಆಗತಾನೇ ಶಾಲೆಯಿಂದ ಬಂದವರಂತೆ ‘ತಿನ್ನೋಕೆ ಏನಿದೆ?’ ಎಂದು ಡಬ್ಬ ತಡಕುತ್ತಾರೆ. ನಾವೆಲ್ಲ ಇರುವ ವಯಸ್ಸಿನಲ್ಲಿ ಎರಡು ವರ್ಷ ಮುಚ್ಚಿಡಲು ತಲೆಗೆ ಬಣ್ಣ ಬಳಿದುಕೊಂಡು ಹೆಣಗುತ್ತಿರುವಾಗ, ಈ ಮನುಷ್ಯ ಒಂದೇ ದಿನದಲ್ಲಿ ಅರವತ್ತೆಂಟು ವರ್ಷ ಉದುರಿಸಿಬಿಡುತ್ತಾರೆ! ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಡಾಕ್ಟರು ಈ ಮರೆವಿನ ಕಾಯಿಲೆಗೆ ಡಿಮೆನ್ಶಿಯಾ ಎಂದು ಹೆಸರಿಟ್ಟಿದ್ದಾರೆ. ಆದರೆ ಅದು ಶುರುವಾಗಿ ಒಂದು ವರ್ಷ ಕಳೆದರೂ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಅದು ನಮ್ಮ ತಪ್ಪಲ್ಲ. ದೊಡ್ಡಪ್ಪ ಸಾಗರದಲ್ಲಿ ನಲವತ್ತು ವರ್ಷ ಟೈಲರ್ ಆಗಿದ್ದವರು. ಟೈಲರಿಗೂ ಕಾಲಕ್ಕೂ ಸಂಬಂಧ ಮೊದಲಿನಿಂದಲೂ ಅಷ್ಟಕ್ಕಷ್ಟೇ ಅಲ್ಲವೇ? ನನ್ನ ಏಳನೇ ಕ್ಲಾಸಿನ ಯೂನಿಫಾರ್ಮನ್ನು ‘ನಾಳೆ ಸಂಜೆ ರೆಡಿ’ ಎಂದು ಹೇಳಿ ಅವರು ಕೈಗೆ ಕೊಟ್ಟಾಗ ನಾನು ಎಂಟನೇ ಕ್ಲಾಸಿನಲ್ಲಿದ್ದೆ! ಸ್ವಂತ ತಮ್ಮನ ಮಗಳಿಗೇ ಈ ಗತಿ. ‘ಬೆಳೀತಾ ಇರೋ ಹುಡುಗಿ, ಆತುರ ಮಾಡಿದ್ರೆ ಗಿಡ್ಡ ಆಗ್ತದೆ’ ಎಂಬ ಸಮಜಾಯಿಷಿ ಬೇರೆ. ಅಂಥವರು ಒಂದು ದಿನ ಸೋಮವಾರವನ್ನು ಗುರುವಾರ ಅಂದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ!

ಕೊನೆಗೆ ದೊಡ್ಡಮ್ಮನೇ ಹಟ ಹಿಡಿದು ಅವರನ್ನು ಡಾಕ್ಟರ ಹತ್ತಿರ ಹೊರಡಿಸಿದಳು. ತೀರ್ಥಹಳ್ಳಿಯಿಂದ ರಜೆ ಹಾಕಿ ಬಂದ ನಾನು ಕಾರಿನ ಡ್ರೈವರ್.

‘ಇವತ್ತು ಯಾವ ವಾರ ಹೇಳಿ’ ಎಂದರು ಡಾಕ್ಟರು.

‘ನಿಮಗೆ ಯಾವ ವಾರಕ್ಕೆ ಬೇಕಿತ್ತು?’ ಎಂದರು ದೊಡ್ಡಪ್ಪ.

‘ಸರಿ, ಇದು ಯಾವ ತಿಂಗಳು?’

‘ಮದ್ವೆ ಸೀಸನ್ನು ಸ್ವಾಮಿ. ಒಂದು ವಾರ ಹೆಚ್ಚುಕಮ್ಮಿ ಆಗ್ತದೆ, ಈಗ್ಲೇ ಹೇಳಿದೀನಿ.’

ಡಾಕ್ಟರು ಚೀಟಿ ಬರೆಯುತ್ತಿರುವಾಗ ದೊಡ್ಡಪ್ಪ ಎದ್ದು ಹೋಗಿ ಅವರ ತೋಳನ್ನು ಗೇಣಿನಲ್ಲಿ ಅಳೆದು, ‘ಈ ಕೋಟು ಯಾರು ಹೊಲಿದಿದ್ದು? ಎಡಗೈ ಅರ್ಧ ಇಂಚು ಉದ್ದ ಇದೆ’ ಎಂದರು. ಡಾಕ್ಟರು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. ನಿಜವಾಗಿಯೂ ಉದ್ದವಿತ್ತು!

ದೊಡ್ಡಪ್ಪನಿಗೆ ಈಗ ನಿನ್ನೆ ಎನ್ನುವುದೇ ಇಲ್ಲ. ಐವತ್ತು ವರ್ಷದ ಹಿಂದಿನದು ಮಾತ್ರ ಪಕ್ಕದ ಕೋಣೆಯಲ್ಲೇ ಇದೆ. ಉಂಡು ಕೈ ತೊಳೆದು ಐದು ನಿಮಿಷಕ್ಕೆ ‘ಈ ಮನೇಲಿ ಊಟಕ್ಕೆ ಕರೆಯೋರೇ ಇಲ್ವಾ?’ ಎಂದು ಕೂಗುತ್ತಾರೆ. ತಮ್ಮ ಮೊದಲ ಗಿರಾಕಿಯ ಸೊಂಟದ ಅಳತೆ ಕೇಳಿ, ಥಟ್ಟನೆ ಬರುತ್ತದೆ ಉತ್ತರ. ಒಮ್ಮೆ ಅವರು ತಮ್ಮ ಅಮ್ಮನನ್ನು ಕೂಗುತ್ತಿದ್ದಾಗ ನಾನು, ‘ದೊಡ್ಡಪ್ಪಾ, ಅಜ್ಜಿ ತೀರಿಹೋಗಿ ಮೂವತ್ತು ವರ್ಷ ಆಯ್ತು’ ಎಂದು ತಿದ್ದಲು ಹೋದೆ. ‘ನಿಂಗ್ಯಾರು ಹೇಳಿದ್ರು? ಈಗಷ್ಟೇ ನಂಗೆ ಬೈದು ಹೋದ್ಲು’ ಎಂದರು.

ಎಲ್ಲಕ್ಕೂ ನಗುವ ದೊಡ್ಡಮ್ಮ ಒಂದಕ್ಕೆ ಮಾತ್ರ ನಗುತ್ತಿರಲಿಲ್ಲ. ಯುಗಾದಿಯಾದ ಮೇಲೆ ದೊಡ್ಡಪ್ಪ ಅವಳ ಗುರುತು ಹಿಡಿಯುವುದನ್ನೇ ಬಿಟ್ಟಿದ್ದರು. ‘ಈ ಮೇಡಂ ಯಾವ ಊರಿನೋರು? ಕಾಫಿ ಭಾಳ ಚೆನ್ನಾಗಿ ಮಾಡ್ತಾರೆ’ ಎಂದು ನನ್ನ ಕಿವಿಯಲ್ಲಿ ಕೇಳಿದ್ದರು. ಕೇಳಿಸಿಕೊಂಡ ದೊಡ್ಡಮ್ಮ, ‘ಐವತ್ತು ವರ್ಷಕ್ಕೆ ಕಾಫಿ ಚೆನ್ನಾಗಿದೆ ಅಂದಿದ್ದು ಇದೇ ಮೊದ್ಲು’ ಎಂದು ಲೋಟ ಎತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಒಂದೇ ಒಂದು ಸಲ ಅವರು ತನ್ನನ್ನು ಹೆಂಡತಿ ಎಂದು ಗುರುತಿಸಿದರೆ ಸಾಕು ಎನ್ನುವುದು ಅವಳ ಆಸೆ. ತನ್ನ ತವರಿಗೆ ಕರೆದುಕೊಂಡು ಹೋದರೆ ನೆನಪಾದೀತೇನೋ ಎಂದು, ದೀಪಾವಳಿ ಕಳೆದ ಮೇಲೆ ಒಂದು ದಿನ ನಾವು ಮೂವರೂ ಹೊರಟೆವು.

ತವರು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಹಿಂದೆಲ್ಲ ಈಚೆ ದಡದ ಹೊಳೆಬಾಗಿಲಿನಲ್ಲಿ ಗಂಟೆಗಟ್ಟಲೆ ಕಾದು, ಜನ, ಜೀಪು, ಬೈಕು ಎಲ್ಲ ಒಂದೇ ಲಾಂಚಿಗೆ ಹತ್ತಿ ದಾಟಬೇಕಿತ್ತು. ಈಗ ಸೇತುವೆಯಾಗಿದೆ, ಐದು ನಿಮಿಷದ ಕೆಲಸ. ಹಾಗೆಂದು ನಾನು ತಿಳಿದಿದ್ದೆ! ಸೇತುವೆ ಹತ್ತಿರ ಬರುತ್ತಿದ್ದಂತೆ ದೊಡ್ಡಪ್ಪ ಕಾರಿನ ಬಾಗಿಲು ಬಡಿಯತೊಡಗಿದರು.

‘ನಿಲ್ಸು, ನಿಲ್ಸು! ಎಲ್ಲಿಗೆ ನುಗ್ತೀಯೆ? ಲಾಂಚ್ ಇನ್ನೂ ಬಂದಿಲ್ಲ.’

‘ಸೇತುವೆ ಇದೆಯಲ್ಲ ದೊಡ್ಡಪ್ಪಾ, ನೋಡಿ!’

ನೋಡಿದರು. ‘ಚೆನ್ನಾಗಿ ಕಟ್ಟಿದಾರೆ. ಆದ್ರೆ ನಾವು ಲಾಂಚಲ್ಲಿ ಹೋಗೋರು’ ಎಂದು ಇಳಿದೇಬಿಟ್ಟರು.

ಸರಿ, ನೀರಿನ ದಡದಲ್ಲಿ ಕೂತು, ದೊಡ್ಡಮ್ಮ ತಂದಿದ್ದ ಚಕ್ಕುಲಿ ತಿನ್ನುತ್ತ, ಬಾರದ ಲಾಂಚಿಗೆ ಕಾದೆವು. ಫೋಟೋ ತೆಗೆಯಲು ಬಂದ ಇಬ್ಬರು ಪ್ರವಾಸಿಗಳಿಗೆ ದೊಡ್ಡಪ್ಪ ‘ಕ್ಯೂನಲ್ಲಿ ನಾವು ಮೊದ್ಲು, ಹಿಂದೆ ನಿಂತ್ಕಳಿ’ ಎಂದು ಗದರಿದರು. ಪಾಪ, ಅವರು ಹತ್ತು ನಿಮಿಷ ನಮ್ಮ ಹಿಂದೆ ಶಿಸ್ತಾಗಿ ನಿಂತಿದ್ದರು!

ಅವರು ಹೋದ ಮೇಲೆ ದೊಡ್ಡಪ್ಪ ದೊಡ್ಡಮ್ಮನ ಕಡೆ ತಿರುಗಿದರು. ‘ಮೇಡಂ, ನೀವೂ ಆಚೆಗೇನಾ?’

‘ಹೌದು.’

‘ನಾನು ಹೆಂಡ್ತಿ ಕರ್ಕಂಡ್ ಬರೋಕೆ ಹೊರಟಿದ್ದು. ಬಾಣಂತನಕ್ಕೆ ಹೋಗಿ ಮೂರು ತಿಂಗ್ಳಾಯ್ತು.’ (ಆ ಬಾಣಂತನದ ಕೂಸು ಈಗ ಹೊಸನಗರದಲ್ಲಿ ಮೇಷ್ಟ್ರು, ತಲೆ ಪೂರಾ ಬೋಳು!) ‘ಅವ್ಳು ಹೋದಾಗಿಂದ ನನ್ನ ಹೊಲಿಗೆ ಎಲ್ಲ ಸೊಟ್ಟ. ಮನೆ ಒಳಗೆ ಅವ್ಳು ಓಡಾಡೋ ಸದ್ದು ಕೇಳ್ದೇ ಇದ್ರೆ ನಂಗೆ ಮಿಷನ್ ತುಳಿಯೋಕೇ ಬರಲ್ಲ.’

ದೊಡ್ಡಮ್ಮ ಚಕ್ಕುಲಿ ಕೈಯಲ್ಲೇ ಹಿಡಿದು, ‘ಇದನ್ನ ಅವ್ರ ಹತ್ರ ಹೇಳಿದೀರಾ?’ ಎಂದಳು.

‘ಹೇಳೋದಾ? ನಾಚ್ಕೆ ಆಗಲ್ವಾ!’

ಅವಳು ಚಕ್ಕುಲಿಯನ್ನು ಡಬ್ಬಕ್ಕೆ ಹಾಕಿ ತಟ್ಟನೆ ಎದ್ದಳು. ‘ಏಳಿ. ಲಾಂಚ್ ಕೆಟ್ಟು ನಿಂತಿದ್ಯಂತೆ. ಇವತ್ತೊಂದಿನ ಎಲ್ಲರನ್ನೂ ಸೇತುವೆ ಮೇಲೆ ಬಿಡ್ತಾರಂತೆ. ಆಕೆ ಕಾಯ್ತಾ ಇರ್ತಾರೆ.’ ದೊಡ್ಡಪ್ಪ ನನಗಿಂತ ಮೊದಲೇ ಕಾರಿನಲ್ಲಿದ್ದರು.

ತವರುಮನೆಯ ಮುಂದೆ ಕಾರು ನಿಂತಾಗ ದೊಡ್ಡಮ್ಮ ನನ್ನ ಭುಜ ಹಿಡಿದು, ‘ಎರಡು ನಿಮಿಷ ಇವ್ರನ್ನ ಇಲ್ಲೇ ತಡಿ’ ಎಂದವಳೇ ಹಿತ್ತಿಲ ಕಡೆ ಓಡಿದಳು. ಎಪ್ಪತ್ತೆರಡು ವರ್ಷದ ದೊಡ್ಡಮ್ಮ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ದೊಡ್ಡಪ್ಪನನ್ನು ಜಗುಲಿಗೆ ಹತ್ತಿಸುವ ಹೊತ್ತಿಗೆ ಒಳಬಾಗಿಲಿನಿಂದ ಅವಳು ಬಂದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ.

‘ಬರೋಕೆ ಇಷ್ಟು ತಡವಾ?’ ಎಂದಳು.

ದೊಡ್ಡಪ್ಪ ಅವಳನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

‘ಲಾಂಚ್ ಕೆಟ್ಟಿತ್ತು ಕಣೇ! ಎಷ್ಟು ಸೊರಗಿದೀಯೇ ನೀನು... ನಡಿ, ಮನೆಗೆ ಹೋಗಾಣ.’

ತವರಿಗೆ ಬಂದು ಐದು ನಿಮಿಷವೂ ಆಗಿರದ ದೊಡ್ಡಮ್ಮ ಚೊಂಬು, ತಟ್ಟೆ ಎರಡನ್ನೂ ನನ್ನ ಕೈಗೆ ಕೊಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಅವರ ಕೈ ಹಿಡಿದು ಕಾರಿನ ಕಡೆ ಹೊರಟೇಬಿಟ್ಟಳು.