ಭೋಸರಿಯೊಳಗ ಆಮಿಯ ಸಾಹಸ

ಪುಣೆಯೊಳಗ ಕುಂತು ಕನ್ನಡದಾಗ ಕಥಿ ಬರ್ಯಾಕ ಹತ್ತಿದ್ರ ನಗಿಗೇನೂ ಬರ ಇಲ್ಲ ನೋಡ್ರಿ. ಯಾರು ಯಾರನ್ನ ನೋಡಿ ನಗಬೇಕು ಅನ್ನೋದಷ್ಟ ತಿಳಿಯಂಗಿಲ್ಲ.

ನಾ ಭೋಸರಿಯ ಕಾರ್ಖಾನಿಯೊಂದರಾಗ ಲೇಥ್ ಮಶೀನ್ ನಡಸಾಂವ. ಸೂಟಿ ದಿನ ಮಕ್ಕಳ ಸಲುವಾಗಿ ಪ್ರಾಣಿಗಳ ಕಾದಂಬರಿ ಬರೀತೀನಿ. ನಾಯಕ ಒಂದು ಆಮಿ. ಅದರ ಕೆರಿ ಮುಚ್ಚಿ ಯಾರೋ ಬಿಲ್ಡಿಂಗ್ ಎಬ್ಬಿಸಿದ್ರು, ಪಾಪ, ಹೊಸಾ ನೀರು ಹುಡುಕ್ಕೊಂತ ಕಾಡು ದಾಟಿ ಹೊಂಟದ. ನಮ್ಮ ಓಣಿ ಮಗ್ಗಲ ಕಟ್ಟಡದ ಕೆಲಸಕ್ಕ ಬಂದ ಕಲಬುರ್ಗಿ ಕಡೆ ಮಂದಿಯ ತಗಡಿನ ಪತ್ರಾ ಶೆಡ್ ಅವ. ಅಲ್ಲಿನ ಮಕ್ಕಳಿಗೆ ಓದಿ ಹೇಳೋದು. ಅವಕ್ಕ ಹಿಡಿಸಲಿಲ್ಲಂದ್ರ ವಹಿ ಮುಚ್ಚಿ ಅಟ್ಟದ ಮ್ಯಾಲ ಒಗದು ಬಿಡೋದು ಅಂತ ಗಟ್ಟಿ ಮಾಡಿದ್ದೆ. ಬರದದ್ದು ಯಾರಿಗೂ ಬ್ಯಾಡಾದ್ರ ಹೊಟ್ಟಿ ಉರೀತದ್ರಿ.

೧. ಮನಿಯಾಕಿ

ಮೊದಲನೇ ಅಧ್ಯಾಯ ಹೆಂಡತಿಗೆ ಓದಿದೆ. ಆಕಿ ಮೆಂತೆ ಸೊಪ್ಪು ಸೋಸ್ಕೊಂತ ಪೂರಾ ಕೇಳಿದಳು.

"ಹ್ಯಾಂಗದ?" ಅಂದೆ.

"ಛಲೋ ಅದ. ಹುಲಿ ಮಾತಾಡ್ತದ, ನರಿ ಮಾತಾಡ್ತದ. ಈ ಮನಿಯೊಳಗ ನೀವೊಬ್ರ ಮಾತಾಡಂಗಿಲ್ಲ ನೋಡ್ರಿ."

೨. ಹೋಟೆಲ್ ಮಾಲೀಕರು

ವಿಮಾನ ನಗರದಾಗ ಉಡುಪಿ ಕಡೆಯವರೊಬ್ರು ಹೋಟೆಲ್ ನಡಸ್ತಾರ, ಪುಸ್ತಕದ ಹುಚ್ಚು ಭಾಳ. ಅವರಿಗೆ ಹತ್ತು ಪುಟ ಕೊಟ್ಟೆ. ಗಲ್ಲಾದ ಮ್ಯಾಲ ಕುಂತು ಓದಿ ಮುಗಿಸಿ ಮಾರಿ ಸಣ್ಣದು ಮಾಡಿದ್ರು.

"ಕತೆ ಒಳ್ಳೇದುಂಟು ಮಾರಾಯ್ರೆ. ಆದ್ರೆ ಆ ಪ್ರಾಣಿ ಹತ್ತು ಪುಟ ನಡೆದ್ರೂ ಒಂದು ಕಡೆ ತಿಂಡಿ ತಿನ್ಲಿಲ್ಲ! ಐದನೇ ಪುಟದಲ್ಲಿ ಒಂದು ಹೋಟೆಲ್ ಹಾಕಿ."

೩. ಖರೇ ಓದುಗರು

ಶೆಡ್ಡಿನ ಮಕ್ಕಳು ಮಾತ್ರ ಬಾಯಿ ಬಿಟ್ಟು ಕೇಳ್ತಿದ್ರು. ಹುಲಿ ಬಂತಂದ್ರ ಒಬ್ಬರ ಬೆನ್ನಿಗೊಬ್ಬರು ಅಡಗೋರು. ಆರನೇ ಅಧ್ಯಾಯಕ್ಕ ಎಂಟು ವರ್ಷದ ಹುಡುಗಿಯೊಬ್ಬಳು ಮರಾಠಿಯೊಳಗ ಕೇಳಿದಳು, "ಕಾಕಾ, ಆಮ್ಹಿ ಕುಠೇ ಚಾಲಲೋ?" ನಾವು ಎಲ್ಲಿ ಹೊಂಟೀವಿ ಅಂತ.

ನನಗ ಆಗ ಹೊಳೀತು. ಈ ಮಕ್ಕಳು ಆಮಿ ಕಂಡಿಲ್ಲ, ಮರಾಠಿ ಸಾಲಿಯೊಳಗ ಅದಕ್ಕ ಕಾಸವ ಅಂತಾರ. ಮರಾಠಿ ‘ಆಮ್ಹಿ’ ಅಂದ್ರ ನಾವು. ಅಯ್ಯ ಶಿವನ! ಆರು ಅಧ್ಯಾಯದಿಂದ ಕಾಡಿನ್ಯಾಗ ಇವರ ನಡದಾರ!

ವಹಿಯೊಳಗ ಚಿತ್ರಾ ತಗದು ತೋರಿಸಿದೆ. "ನೀವಲ್ಲವ್ವಾ, ಇದು ಕಾಸವ. ಮನಿ ಬೆನ್ನ ಮ್ಯಾಲ ಹೊತ್ಕೊಂಡು ಅಡ್ಡಾಡೋ ಪ್ರಾಣಿ."

ಹುಡುಗಿ ಚಿತ್ರಾ ನೋಡಿದಳು, ತಮ್ಮ ಶೆಡ್ಡಿನ ಪತ್ರಾ ನೋಡಿದಳು. "ಮತ್ತ ನಾವ ಆತಲ್ರಿ," ಅಂದಳು.

ನಾ ವಹಿ ಮುಚ್ಚಾಕ ಹ್ವಾದೆ. ಆಕಿ ಕೈ ಅಡ್ಡ ಇಟ್ಟಳು.

"ಕಾಕಾ, ಪ್ರಾಣಿ ಸಾವಕಾಶ ನಡದ್ರ ನಡೀಲಿ, ನೀವ್ಯಾಕ ಇಷ್ಟ ಸಾವಕಾಶ ಬರೀತೀರಿ? ಮುಂದಿನ ತಿಂಗಳ ನಮ್ಮ ಶೆಡ್ ಬಿಚ್ಚತಾರ. ಅಷ್ಟರಾಗ ನಮ್ಮನ್ನ ನೀರಿಗೆ ಮುಟ್ಟಸ್ರಿ!"

ಮರುದಿನಾನ ರಜಾ ಹಾಕಿ ಬರ್ಯಾಕ ಕುಂತೆ. ಏಳನೇ ಅಧ್ಯಾಯದಿಂದ ನನ್ನ ಆಮಿ ಓಡಾಕ ಹತ್ತೇದ.